ಒಬ್ಬಳೇ ಟೆಂಟ್ ಹೊತ್ತು ಕಡಲ ದಂಡೆಯ ದಾರಿ ನಡೆಯಬಹುದೇ?

ಪ್ರಶ್ನೆ: ಬೆಟ್ಟದ ಚಾರಣ ಸಾಕಷ್ಟು ಮಾಡಿದ್ದೇನೆ, ಆದರೆ ಯಾವಾಗಲೂ ಗುಂಪಿನ ಜೊತೆ. ಈಗ ಒಬ್ಬಳೇ, ಟೆಂಟ್ ಹೊತ್ತುಕೊಂಡು, ಸಮುದ್ರದ ದಂಡೆಯುದ್ದಕ್ಕೂ ಸಾಗುವ ಉದ್ದದ ಕಾಲುದಾರಿಯೊಂದರಲ್ಲಿ ಎರಡು ವಾರ ನಡೆಯಬೇಕು ಎಂದಿದೆ. ಬೆಟ್ಟ ಹತ್ತುವುದಿಲ್ಲವಲ್ಲ ಎಂದು ದಿನಕ್ಕೆ 25 ಕಿ.ಮೀ. ಲೆಕ್ಕ ಹಾಕಿದ್ದೇನೆ. ಚೀಲ ತೂಗಿದರೆ 17 ಕೆ.ಜಿ. ಬಂತು. ಇದು ಆಗುವ ಮಾತೇ? ರಾತ್ರಿ ಎಲ್ಲಿ ಮಲಗಲಿ, ನೀರಿಗೆ ಏನು ಮಾಡಲಿ, ಒಬ್ಬಳೇ ಇರುವಾಗ ಏನಾದರೂ ಆದರೆ? ಯಾವ ದಿಕ್ಕಿನಿಂದ ಹೊರಡುವುದು ಒಳ್ಳೆಯದು?

ಉತ್ತರ: ಆಗುತ್ತದೆ. ಬೆಟ್ಟ ಹತ್ತಿ ಅಭ್ಯಾಸ ಇರುವವರಿಗೆ ಇದು ಕೈಮೀರಿದ ಕೆಲಸವಲ್ಲ. ಆದರೆ ನೀವು ಬರೆದ ಎರಡು ಅಂಕಿ, 25 ಮತ್ತು 17, ಎರಡೂ ಇಳಿಯಬೇಕು. ನೀವು ಕೇಳದೇ ಬಿಟ್ಟ ವಿಷಯ ಇನ್ನೊಂದಿದೆ, ಅದು ಸಮುದ್ರದ ಉಬ್ಬರ ಇಳಿತ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅದನ್ನೇ. ಬೆಟ್ಟದಲ್ಲಿ ದಿನದ ಲೆಕ್ಕ ಕಿಲೋಮೀಟರಿನಿಂದ ಶುರುವಾಗುತ್ತದೆ. ಕಡಲ ದಾರಿಯಲ್ಲಿ ನೀರಿನ ವೇಳೆಯಿಂದ ಶುರುವಾಗಬೇಕು. ಎಷ್ಟು ದೂರ ಅನ್ನೋದು ಆಮೇಲಿನ ಮಾತು.

25ರ ವಿಷಯ ಮೊದಲು ಮುಗಿಸೋಣ. ಕಡಲ ದಂಡೆ ಅಂದರೆ ಸಮತಟ್ಟು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಕ್ಷೆಯಲ್ಲಿ ಹಾಗೇ ಕಾಣುತ್ತದೆ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ನೋಡಿ. ಮೈನ್‌ಹೆಡ್‌ನಿಂದ ಪೂಲ್ ಬಂದರಿನ ಬಾಯಿಯವರೆಗೆ 1014 ಕಿ.ಮೀ. ಎಲ್ಲೂ ದೊಡ್ಡ ಬೆಟ್ಟವಿಲ್ಲ. ಆದರೂ ಹತ್ತಿದ್ದನ್ನೆಲ್ಲ ಕೂಡಿಸಿದರೆ ಸುಮಾರು 35,000 ಮೀಟರ್, ಅಂದರೆ ಎವರೆಸ್ಟ್ ಎತ್ತರದ ಸುಮಾರು ನಾಲ್ಕು ಪಟ್ಟು. ಒಂದೊಂದು ಹಳ್ಳವೂ ಸಮುದ್ರ ಸೇರುವಲ್ಲಿ ನೆಲವನ್ನು ಕೊರೆದು ಕಣಿವೆ ಮಾಡಿರುತ್ತದೆ. ನೀವು ಆ ಕಣಿವೆಗೆ ಇಳಿಯಬೇಕು, ಮತ್ತೆ ಆಚೆ ದಿಬ್ಬ ಹತ್ತಬೇಕು. ಮೇಲೆ ಬಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಕಣಿವೆ. ಆ ದಾರಿ ಹೀಗೆ ದಂಡೆಗೆ ಅಂಟಿಕೊಂಡಿರುವುದಕ್ಕೆ ಇತಿಹಾಸವೂ ಕಾರಣ. ಕಳ್ಳಸಾಗಣೆ ಹಿಡಿಯಲು ಕರಾವಳಿ ಕಾವಲಿನವರು ಗಸ್ತು ತಿರುಗುತ್ತಿದ್ದ ಹೆಜ್ಜೆದಾರಿ ಅದು. ಪ್ರತಿ ಕೊಲ್ಲಿಯ ಒಳಗೂ ಇಣುಕಿ ನೋಡಬೇಕಿತ್ತು. ಹತ್ತಿರದ ದಾರಿ ಅವರ ಕೆಲಸಕ್ಕೆ ಬರುತ್ತಿರಲಿಲ್ಲ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 20 ಕಿ.ಮೀ. ದಾರಿ, 900 ಮೀಟರ್ ಏರು ಇದ್ದರೆ ಐದೂವರೆ ಗಂಟೆ ಆಯಿತು. ಇದು ಗಟ್ಟಿ ನೆಲದ ಮೇಲೆ, ಎಲ್ಲೂ ನಿಲ್ಲದೆ, ಹಗುರ ಚೀಲದಲ್ಲಿ ನಡೆಯುವವರ ಲೆಕ್ಕ. ಟೆಂಟ್ ಹೊತ್ತವರು ಇದಕ್ಕೆ ಮೂರರಲ್ಲಿ ಒಂದು ಪಾಲು ಜಾಸ್ತಿ ಸೇರಿಸಿಕೊಳ್ಳಬೇಕು. ಇನ್ನು ಮೆತ್ತನೆ ಮರಳು ಬಂತೋ, ಲೆಕ್ಕವೇ ಬೇರೆ. ಅದೇ ವೇಗದಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂದು ಅಳೆದು ನೋಡಿದ್ದಾರೆ. ಕಾಲು ಹಿಂದಕ್ಕೆ ತಳ್ಳಿದಾಗ ಮರಳೇ ಸರಿದುಹೋಗುತ್ತದೆ, ನೀವು ಅಷ್ಟು ಕಡಿಮೆ ಮುಂದೆ ಹೋಗುತ್ತೀರಿ. ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ನಡೆಯಿರಿ. ನೋಡಿ, ಇಲ್ಲೂ ಮಾತು ಮತ್ತೆ ಇಳಿತಕ್ಕೇ ಬಂತು.

ಹಾಗಾಗಿ ಮೊದಲ ಮೂರು ದಿನ 12ರಿಂದ 14 ಕಿ.ಮೀ. ಇಟ್ಟುಕೊಳ್ಳಿ. ಮೈ ಒಗ್ಗಿದ ಮೇಲೆ 18. ಐದು ದಿನಕ್ಕೊಮ್ಮೆ ಏನೂ ಇಲ್ಲದ ಒಂದು ದಿನ ಬಿಡಿ. ಅದು ವಿಶ್ರಾಂತಿಗೆ ಮಾತ್ರ ಅಲ್ಲ. ಗಾಳಿ ಜೋರಾಗಿ ಒಂದು ದಿನ ಹೊರಡಲಾಗದಿದ್ದರೆ, ಆ ಖಾಲಿ ದಿನ ಕೈಯಲ್ಲಿರುತ್ತದೆ. ಕೈಯಲ್ಲಿ ದಿನ ಇಲ್ಲದವರೇ ಹೊರಡಬಾರದ ಹೊತ್ತಿನಲ್ಲಿ ಹೊರಡುವುದು.

ಈಗ ಉಬ್ಬರ ಇಳಿತ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನದಿಂದ ದಿನಕ್ಕೆ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಬೆಳಿಗ್ಗೆ 8ಕ್ಕೆ ಇಳಿತವಾದರೆ ಒಂದು ವಾರದ ಹೊತ್ತಿಗೆ ಅದೇ ಇಳಿತ ಮಧ್ಯಾಹ್ನ ಎರಡು ಗಂಟೆಯ ಆಸುಪಾಸು ಬರುತ್ತದೆ. ಎರಡು ವಾರ ನಡೆಯುವವರು ಹೊರಡುವ ಮೊದಲೇ ಆ ಕರಾವಳಿಯ ಉಬ್ಬರ ಇಳಿತದ ವೇಳಾಪಟ್ಟಿಯನ್ನು ತಮ್ಮ ದಿನದ ಪಟ್ಟಿಯ ಪಕ್ಕ ಬರೆದುಕೊಳ್ಳಬೇಕು. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಮತ್ತು ಅದರ ನಂತರದ ಒಂದೆರಡು ದಿನ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸು, ಚಂದ್ರ ಅರ್ಧ ಇರುವಾಗ, ಏರಿಳಿತ ಕಡಿಮೆ.

ಜನ ಸಿಕ್ಕಿಹಾಕಿಕೊಳ್ಳುವುದು ಯಾಕೆ ಗೊತ್ತಾ? ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಎಂದುಕೊಳ್ಳಿ. ನಾವಿಕರ ಒಂದು ಅಂದಾಜು ಸೂತ್ರದ ಪ್ರಕಾರ ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಎರಡನೇ ಗಂಟೆ 2, ಮೂರನೇ ಗಂಟೆ 3, ನಾಲ್ಕನೇ ಗಂಟೆ 3, ಐದನೇ ಗಂಟೆ 2, ಕೊನೆಗೆ 1. ಒಟ್ಟು 6 ಮೀಟರ್ ಏರುವ ಕಡೆ ಮೊದಲ ಗಂಟೆಯಲ್ಲಿ ಅರ್ಧ ಮೀಟರ್ ಮಾತ್ರ. ಅದನ್ನು ನೋಡಿ "ಇನ್ನೂ ಬೇಕಾದಷ್ಟು ಟೈಮ್ ಇದೆ" ಅನ್ನಿಸುತ್ತದೆ. ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೀಟರ್ ನೀರು ಬರುತ್ತದೆ, ಆಳು ಮುಳುಗಿ ಮೇಲೆ ಉಳಿಯುವಷ್ಟು. ಅಳಿವೆಗಳಲ್ಲಿ, ಅಥವಾ ದಿನಕ್ಕೆ ಒಂದೇ ಉಬ್ಬರ ಬರುವ ಕರಾವಳಿಗಳಲ್ಲಿ ಈ ಸೂತ್ರ ನಡೆಯುವುದಿಲ್ಲ. ಅಲ್ಲಿ ಆ ಜಾಗದ ಪಟ್ಟಿಯೇ ಬೇಕು.

ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಟ್ರೇಲ್‌ನಲ್ಲಿ ಕೆಲವು ಕಿಲೋಮೀಟರ್ ಉದ್ದದ ತುಂಡುಗಳು ಉಬ್ಬರದಲ್ಲಿ ನಡೆಯಲಾಗದಂತೆ ಮುಚ್ಚಿಹೋಗುತ್ತವೆ. ಒಂದು ಪಕ್ಕ ಕಡಿದಾದ ಗುಡ್ಡ, ಇನ್ನೊಂದು ಪಕ್ಕ ಅಲೆ. ಸೌತ್ ವೆಸ್ಟ್ ಕೋಸ್ಟ್ ಪಾತ್‌ನಲ್ಲಿ ಅರ್ಮ್ ನದಿಗೆ ಸೇತುವೆ ಇಲ್ಲ, ದೋಣಿಯೂ ಇಲ್ಲ. ಇಳಿತಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ, ಅಷ್ಟರೊಳಗೆ ನೀರಿಗಿಳಿದು ದಾಟಬೇಕು. ಅದು ತಪ್ಪಿದರೆ ರಸ್ತೆಯಲ್ಲಿ ಬಹಳ ದೂರ ಸುತ್ತಬೇಕು. ದಕ್ಷಿಣ ಆಫ್ರಿಕಾದ ಆಟರ್ ಟ್ರೇಲ್‌ನಲ್ಲಿ ಬ್ಲೂಕ್ರಾನ್ಸ್ ನದಿ ದಾಟುವುದನ್ನೂ ಇಳಿತ ನೋಡಿಯೇ ಮಾಡುತ್ತಾರೆ. ಇಂಥ ಜಾಗ ನಿಮ್ಮ ದಾರಿಯಲ್ಲಿ ಎಲ್ಲೆಲ್ಲಿ ಇವೆ ಎಂದು ಮೊದಲು ಗುರುತು ಮಾಡಿ. ಆ ದಿನಗಳನ್ನು ಅದರ ಸುತ್ತ ಕಟ್ಟಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಎದ್ದಿರಿ, ಮಧ್ಯಾಹ್ನ ಮೂರರವರೆಗೆ ಸುಮ್ನೆ ಕೂತರೆ ಕೂತಿರಿ.

ದಾಟುವಾಗ ನನ್ನ ನಿಯಮ ಒಂದೇ: ನೀರು ಇಳಿಯುತ್ತಿರುವಾಗ ಹೊರಡಬೇಕು, ಏರುತ್ತಿರುವಾಗ ಅಲ್ಲ. ಇಳಿತದ ಕೆಳತುದಿಯ ಹೊತ್ತಿಗೆ ನೀವು ಅರ್ಧ ದಾಟಿರಬೇಕು. ಆಗ ತಡವಾದರೂ ಉಳಿದ ಅರ್ಧಕ್ಕೆ ವೇಳೆ ಸಿಗುತ್ತದೆ. ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪದಿದ್ದರೆ ಹಿಂದಿರುಗುತ್ತೇನೆ ಎಂಬುದನ್ನು ಹೊರಡುವ ಮೊದಲೇ ಗಡಿಯಾರದ ವೇಳೆಯಾಗಿ ಬರೆದಿಡಿ. ಪಟ್ಟಿಯಲ್ಲಿರುವ ವೇಳೆ ಯಾವ ಬಂದರಿನದು, ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶವಾದರೆ ಅದನ್ನು ಸೇರಿಸಿದ್ದಾರೋ ಇಲ್ಲವೋ, ನೋಡಿಕೊಳ್ಳಿ. ಒಂದು ಗಂಟೆ ತಪ್ಪಿದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಇನ್ನೊಂದು ಮಾತು. ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರ ಮಟ್ಟ ಸುಮಾರು 1 ಸೆಂ.ಮೀ. ಏರುತ್ತದೆ. ಬಿರುಗಾಳಿ ಹವೆಯಲ್ಲಿ, ಗಾಳಿ ದಡದ ಕಡೆ ಬೀಸುತ್ತಿದ್ದರೆ, ನೀರು ಪಟ್ಟಿಯಲ್ಲಿ ಬರೆದ ಮಟ್ಟದಲ್ಲಿ ನಿಲ್ಲುವುದಿಲ್ಲ.

ಪಟ್ಟಿ ಇಲ್ಲದಿದ್ದರೂ ದಂಡೆಯನ್ನು ಓದಲು ಬರುತ್ತದೆ. ಇದನ್ನು ಕಲಿತುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮರಳಿನ ಮೇಲೆ ಪಾಚಿ, ಕಡ್ಡಿ, ಚಿಪ್ಪು, ಪ್ಲಾಸ್ಟಿಕ್ ಚೂರು ಸೇರಿ ಉದ್ದಕ್ಕೂ ಒಂದು ಗೆರೆ ಬಿದ್ದಿರುತ್ತದೆ. ಹೋದ ಉಬ್ಬರ ಅಲ್ಲಿಯವರೆಗೆ ಬಂದಿತ್ತು. ಬಗ್ಗಿ ನೋಡಿ. ಪಾಚಿ ಹಸಿಯಾಗಿ, ಜಾರುವಂತೆ ಇದ್ದರೆ ಅದು ಇತ್ತೀಚಿನ ಗೆರೆ. ಅದರ ಮೇಲೆ ಇನ್ನೊಂದು ಗೆರೆ ಇರಬಹುದು, ಪಾಚಿ ಕಪ್ಪಾಗಿ ಒಣಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಅದು ಹೋದ ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಉಬ್ಬರದ್ದು. ಇನ್ನೂ ಮೇಲೆ ದೊಡ್ಡ ಮರದ ದಿಮ್ಮಿಗಳು ಬಿದ್ದಿದ್ದರೆ ಅಲ್ಲಿಯವರೆಗೆ ಬಿರುಗಾಳಿಯ ಅಲೆ ಬಂದಿದೆ. ಬ್ರಿಟನ್ನಿನಂಥ ತಂಪು ಕರಾವಳಿಗಳ ಬಂಡೆಗಳಲ್ಲಿ ಬಣ್ಣವೇ ಸಾಕ್ಷಿ ಹೇಳುತ್ತದೆ. ಕೆಳಗೆ ಡಾಂಬರು ಬಳಿದಂತೆ ಕಪ್ಪು ಕಲ್ಲುಹೂವಿನ ಪಟ್ಟಿ, ಅದರ ಮೇಲೆ ಕಿತ್ತಳೆ ಬಣ್ಣದ್ದು, ಇನ್ನೂ ಮೇಲೆ ಬೂದು. ಕಪ್ಪು ಪಟ್ಟಿಯವರೆಗೆ ಸಮುದ್ರ ಬರುತ್ತದೆ. ಕಿತ್ತಳೆಗೆ ಎರಚಲು ಹೊಡೆಯುತ್ತದೆ. ಕೂತು ಊಟ ಮಾಡುವ ಬಂಡೆ ಕಪ್ಪಗಿದ್ದರೆ ಗಡಿಯಾರ ನೋಡಿಕೊಂಡೇ ಕೂರಿ.

ಮಲಗುವ ಜಾಗಕ್ಕೆ ಬರೋಣ. ಮೊದಲು ಕಾನೂನು ನೋಡಿ, ಏಕೆಂದರೆ ಅದು ದೇಶದಿಂದ ದೇಶಕ್ಕೆ ಪೂರ್ತಿ ಬೇರೆ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣೆ ಕಾಯ್ದೆ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಬಯಲಿನಲ್ಲಿ ಟೆಂಟ್ ಹಾಕಬಹುದು. ಪಕ್ಕದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಾಮಾನ್ಯವಾಗಿ ಜಮೀನಿನ ಒಡೆಯರ ಅನುಮತಿ ಬೇಕು. ವೇಲ್ಸ್ ಕರಾವಳಿಯುದ್ದಕ್ಕೂ 2012ರಲ್ಲಿ ತೆರೆದ 1400 ಕಿ.ಮೀ. ದಾರಿಗೂ ಇದೇ ಮಾತು. ಅಲ್ಲಿ ನಡೆಯುವ ಹಕ್ಕಿದೆ, ಮಲಗುವ ಹಕ್ಕಿಲ್ಲ. ಪೋರ್ಚುಗಲ್‌ನ ಮೀನುಗಾರರ ದಾರಿಯಲ್ಲಿ ಬಯಲಿನಲ್ಲಿ ಟೆಂಟ್ ಹಾಕುವಂತೆಯೇ ಇಲ್ಲ. ಕೆನಡಾದ ವೆಸ್ಟ್ ಕೋಸ್ಟ್ ಟ್ರೇಲ್‌ಗೆ ಮೊದಲೇ ಪರವಾನಗಿ ಪಡೆದು ಹೋಗಬೇಕು. ನಿಮ್ಮ ದಾರಿಯ ನಿಯಮ ನೋಡದೆ ಟೆಂಟ್ ಕೊಳ್ಳಲೂ ಬೇಡಿ. ಕೆಲವು ದಾರಿಗಳಲ್ಲಿ ಟೆಂಟ್ ಹೊರುವುದೇ ವ್ಯರ್ಥ. ಮೂರು ದಿನಕ್ಕೊಮ್ಮೆಯಾದರೂ ಅಧಿಕೃತ ಕ್ಯಾಂಪಿನಲ್ಲಿ ತಂಗುವುದು ಒಳ್ಳೆಯದು. ಸ್ನಾನ, ಚಾರ್ಜಿಂಗ್, ಮಾತಾಡಲು ಜನ, ಮೂರೂ ಸಿಗುತ್ತವೆ.

ಜಾಗ ಆರಿಸುವಾಗ ಅಲೆ ಗೆರೆಗಿಂತ ಕೆಳಗೆ ಬೇಡ ಅನ್ನುವುದು ಈಗಾಗಲೇ ಗೊತ್ತಾಯಿತು. ಕಡಿದಾದ ಗುಡ್ಡದ ಬುಡದಲ್ಲೂ ಬೇಡ, ಅಂಚಿನಲ್ಲೂ ಬೇಡ. ಮಳೆ ಬಂದ ಮೇಲೆ ಕಲ್ಲು ಮಣ್ಣು ಯಾವಾಗ ಜಾರುತ್ತದೋ ಹೇಳಲಾಗದು. ಮೇಲಿನಿಂದ ಗಟ್ಟಿ ಹುಲ್ಲುನೆಲದಂತೆ ಕಾಣುವ ಅಂಚಿನ ಅಡಿಯಲ್ಲಿ ಅಲೆ ಕೊರೆದು ಟೊಳ್ಳು ಮಾಡಿರಬಹುದು. ಹುಲ್ಲು ಬೆಳೆದ ಮರಳು ದಿಬ್ಬ ಮಲಗಲು ಚೆನ್ನಾಗಿ ಕಾಣುತ್ತದೆ. ಆದರೆ ಆ ಹುಲ್ಲಿನ ಬೇರೇ ದಿಬ್ಬವನ್ನು ಹಿಡಿದಿಟ್ಟಿರುವುದು. ತುಳಿದು ಹುಲ್ಲು ಸತ್ತರೆ ಗಾಳಿ ದಿಬ್ಬವನ್ನೇ ಹೊತ್ತೊಯ್ಯುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಉರುಟುಕಲ್ಲಿನ ದಂಡೆಯಲ್ಲೂ ಟೆಂಟ್ ಬೇಡ. ಅಲ್ಲಿ ಮೊಟ್ಟೆಯಿಡುವ ಹಕ್ಕಿಗಳಿವೆ, ಮೊಟ್ಟೆ ಕಲ್ಲಿನ ಬಣ್ಣದ್ದೇ ಇರುತ್ತದೆ.

ಗಾಳಿಗೆ ಮಾತ್ರ ನಿಜವಾಗಿ ಹೆದರಬೇಕು. ಹವೆ ಶಾಂತವಾಗಿರುವ ದಿನಗಳಲ್ಲಿ ಹಗಲು ಸಮುದ್ರದಿಂದ ನೆಲದ ಕಡೆಗೆ ಗಾಳಿ, ರಾತ್ರಿ ನೆಲದಿಂದ ಸಮುದ್ರದ ಕಡೆಗೆ. ಸಂಜೆಯ ಗಾಳಿ ನೋಡಿ ಟೆಂಟ್ ತಿರುಗಿಸಿಟ್ಟರೆ ನಡುರಾತ್ರಿ ಅದೇ ಟೆಂಟಿನ ಬಾಗಿಲಿಗೆ ಗಾಳಿ ನುಗ್ಗುತ್ತದೆ. ಮುನ್ಸೂಚನೆಯಲ್ಲಿ ರಾತ್ರಿಯ ದಿಕ್ಕು ನೋಡಿ, ಟೆಂಟಿನ ತಗ್ಗಾದ ತುದಿಯನ್ನು ಆ ಕಡೆಗಿಡಿ. ಮಾಮೂಲಿ ತೆಳು ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಗೂಟಕ್ಕೆ, ಅಥವಾ ದಂಡೆಯಲ್ಲಿ ಸಿಕ್ಕ ಕಡ್ಡಿಗೆ, ಹಗ್ಗವನ್ನು ನಡುವಿಗೆ ಕಟ್ಟಿ, ಅದನ್ನು ಅಡ್ಡಲಾಗಿ ಮೊಣಕೈಯುದ್ದದ ಗುಂಡಿಯಲ್ಲಿ ಮಲಗಿಸಿ, ಮೇಲೆ ಮರಳು ತುಂಬಿ ತುಳಿಯಿರಿ. ಸಣ್ಣ ಚೀಲವೊಂದರಲ್ಲಿ ಮರಳು ತುಂಬಿ, ಅದಕ್ಕೆ ಹಗ್ಗ ಕಟ್ಟಿ ಹೂತರೂ ಸರಿ. ಜಿಪ್ ಒಳಗೆ ಮರಳು ಕೂತರೆ ಎಳೆದಾಡಬೇಡಿ, ಸಿಹಿನೀರು ಹಾಕಿ ತೊಳೆದು ಆಮೇಲೆ ಎಳೆಯಿರಿ. ಎಷ್ಟೇ ಗಾಳಿ ಇದ್ದರೂ ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಬೆಂಕಿಯ ಅಪಾಯ ಕಣ್ಣಿಗೆ ಕಾಣುತ್ತದೆ, ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ, ವಾಸನೆಯೂ ಇಲ್ಲ.

ಇನ್ನು 17 ಕೆ.ಜಿ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಮಲಗುವ ಮ್ಯಾಟ್, ಖಾಲಿ ಚೀಲ, ಈ ನಾಲ್ಕನ್ನು ಮಾತ್ರ ಬೇರೆ ತೂಗಿ. ನಾಲ್ಕೂ ಸೇರಿ 5 ಕೆ.ಜಿ. ದಾಟಬಾರದು. ಅನ್ನ ನೀರು ಬಿಟ್ಟು ಒಟ್ಟು 8 ಕೆ.ಜಿ. ಗುರಿ ಇಡಿ. ಮೂರು ದಿನದ ಊಟ, ಎರಡು ಲೀಟರ್ ನೀರು ಸೇರಿದರೆ ಸುಮಾರು 12 ಆಗುತ್ತದೆ. ಹೆಚ್ಚಿನವರ ಚೀಲ ಭಾರವಾಗುವುದು ಬಟ್ಟೆಯಿಂದ, ಊಟದಿಂದ. ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ, ಸಾಕು. ಊಟವನ್ನು ಎರಡು ವಾರಕ್ಕೆ ಹೊರಬೇಡಿ. ಹೆಚ್ಚಿನ ಕರಾವಳಿ ದಾರಿಗಳಲ್ಲಿ ಎರಡು ಮೂರು ದಿನಕ್ಕೊಂದು ಊರು ಸಿಗುತ್ತದೆ. ಬೆಟ್ಟದ ಚಾರಣಕ್ಕಿಂತ ಇಲ್ಲಿರುವ ದೊಡ್ಡ ಅನುಕೂಲವೇ ಅದು. ಒಬ್ಬಳೇ ಹೋಗುವ ಕಾರಣಕ್ಕೆ ಬಿಡಬಾರದ ಕೆಲವು ವಸ್ತುಗಳಿವೆ: ಎರಡನೇ ಟಾರ್ಚ್, ಕಾಗದದ ನಕ್ಷೆ, ಒದ್ದೆಯಾದರೂ ಬೆಚ್ಚಗಿಡುವ ಒಂದು ಉಡುಪು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಗುಂಪಿನಲ್ಲಿ ನಿಮ್ಮದು ಕೆಟ್ಟರೆ ಪಕ್ಕದವರದ್ದು ಇರುತ್ತಿತ್ತು. ಇಲ್ಲಿ ಇರುವುದು ನಿಮ್ಮದೊಂದೇ.

ನೀರು. ಇಷ್ಟೊಂದು ನೀರಿನ ಪಕ್ಕದಲ್ಲಿ ನಡೆಯುವಾಗ ಕುಡಿಯುವ ನೀರಿಗೆ ತೊಂದರೆ ಆಗುತ್ತದೆ ಎಂದು ಯಾರೂ ನಂಬುವುದಿಲ್ಲ. ಚಾರಣಿಗರ ಫಿಲ್ಟರ್ ಉಪ್ಪನ್ನು ತೆಗೆಯುವುದಿಲ್ಲ. ಅಳಿವೆಯ ಹತ್ತಿರದ ನೀರು ಉಬ್ಬರದಲ್ಲಿ ಉಪ್ಪು, ಇಳಿತದಲ್ಲಿ ಸ್ವಲ್ಪ ಸಿಹಿ ಅನ್ನಿಸಬಹುದು. ಅದನ್ನು ನೆಚ್ಚಬೇಡಿ. ಬೆಟ್ಟದಲ್ಲಿ ನೀವು ಹಳ್ಳದ ತಲೆಯಲ್ಲಿ ನೀರು ತುಂಬಿಕೊಳ್ಳುತ್ತಿದ್ದಿರಿ. ಇಲ್ಲಿ ಸಿಗುವುದು ಹಳ್ಳದ ಬಾಲ. ಮೇಲಿನ ಹೊಲದ ಗೊಬ್ಬರ, ದನಗಳ ಸಗಣಿ, ಊರಿನ ಚರಂಡಿ, ಎಲ್ಲ ಅದರಲ್ಲಿ ಸೇರಿರುತ್ತದೆ. ಸಾಮಾನ್ಯ ಫಿಲ್ಟರ್ ಬ್ಯಾಕ್ಟೀರಿಯಾ ಹಿಡಿಯುತ್ತದೆ, ವೈರಸ್ ಹಿಡಿಯುವುದಿಲ್ಲ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಎರಡೂ ಸಾಯುತ್ತವೆ, ಆದರೆ ಹೊಲಕ್ಕೆ ಹೊಡೆದ ರಾಸಾಯನಿಕ ಹೋಗುವುದಿಲ್ಲ. ಹಾಗಾಗಿ ನಲ್ಲಿ ಕಂಡಲ್ಲೆಲ್ಲ ತುಂಬಿಕೊಳ್ಳಿ. ಎರಡು ಲೀಟರ್ ಯಾವಾಗಲೂ, ರಾತ್ರಿ ಬಯಲಿನಲ್ಲಿ ತಂಗುವುದಾದರೆ ನಾಲ್ಕು.

ಬಿಸಿಲು, ಕಾಲು, ಎರಡೂ ಬೇಗ ಹೇಳಿಬಿಡುತ್ತೇನೆ. ಒಣ ಮರಳು ಸುಮಾರು 15 ಶೇಕಡಾ ನೇರಳಾತೀತ ಕಿರಣವನ್ನು, ಅಲೆಯ ನೊರೆ ಸುಮಾರು 25 ಶೇಕಡಾವನ್ನು ಮೇಲಕ್ಕೆ ತಿರುಗಿಸುತ್ತವೆ. ಟೋಪಿ ಇದ್ದರೂ ಗದ್ದದ ಕೆಳಗೆ ಸುಡುತ್ತದೆ. ಗಾಳಿ ತಂಪಾಗಿರುವುದರಿಂದ ಸುಟ್ಟಿದ್ದು ಸಂಜೆಯೇ ಗೊತ್ತಾಗುವುದು. ಕಾಲಿನ ಗುಳ್ಳೆಗೆ ಮರಳೇ ದೊಡ್ಡ ಕಾರಣ. ಉರಿ ಅನ್ನಿಸಿದ ಕೂಡಲೇ, ಮುಂದಿನ ತಿರುವಿನವರೆಗೆ ಕಾಯದೆ, ಶೂ ಬಿಚ್ಚಿ, ಮರಳು ಒರೆಸಿ, ಒಣಗಿಸಿ, ಟೇಪ್ ಹಚ್ಚಿ.

ಏನಾದರೂ ಆದರೆ ಎಂದು ಕೇಳಿದ್ದೀರಿ. ಕರಾವಳಿ ದಾರಿ ಊರಿಗೆ ಹತ್ತಿರ ಅನ್ನಿಸುತ್ತದೆ, ಆದರೆ ಕಡಿದಾದ ಗುಡ್ಡದ ಕೆಳಗಿನ ಕೊಲ್ಲಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದಿರುವುದು ಮಾಮೂಲು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ, ಅಥವಾ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ (ಅಪಾಯದಲ್ಲಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣೆಯವರಿಗೆ ಸುದ್ದಿ ಮುಟ್ಟಿಸುವ ಸಾಧನ) ಒಂದು ಇರಲಿ. ಬೀಕನ್ ಆದರೆ ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ಅದನ್ನು ಚೀಲದಲ್ಲಿ ಇಡಬೇಡಿ, ಮೈಮೇಲೆ ಇರಬೇಕು. ಜಾರಿ ಬಿದ್ದಾಗ ಚೀಲ ಹತ್ತು ಮೀಟರ್ ಕೆಳಗೆ ಹೋಗಿರಬಹುದು. ಸೀಟಿಯೂ ಹಾಗೇ. ಬ್ರಿಟನ್, ಯೂರೋಪಿನ ಬೆಟ್ಟಗಳಲ್ಲಿ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ ಊದುವುದು ಸಹಾಯ ಕೇಳುವ ಸಂಕೇತ.

ಮನೆಯಲ್ಲಿ ಒಬ್ಬರಿಗೆ ದಿನದ ಪಟ್ಟಿ ಕೊಟ್ಟಿರಿ. "ಸಂಜೆ ಮೆಸೇಜ್ ಮಾಡ್ತೀನಿ" ಎಂದರೆ ಸಾಲದು. ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಈ ನಂಬರಿಗೆ ಫೋನ್ ಮಾಡಬೇಕು, ನನ್ನ ಟೆಂಟ್ ಈ ಬಣ್ಣ, ಜಾಕೆಟ್ ಈ ಬಣ್ಣ, ಎಂದು ಬರೆದು ಕೊಡಿ. ಹುಡುಕುವವರು ಮೊದಲು ಕೇಳುವುದು ಅದನ್ನೇ. ಮನೆಯವರು ಸುಮ್ಮನೆ ಗಾಬರಿಯಾಗದಿರಲು ಎರಡು ಮೂರು ಗಂಟೆ ಸಡಿಲ ಬಿಡಿ.

ಒಬ್ಬರೇ ಇರುವಾಗ ಸಮುದ್ರಕ್ಕೆ ಈಜಲು ಇಳಿಯಬೇಡಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಮೇಲಿನಿಂದ ಶಾಂತವಾಗಿ ಕಾಣುವ, ಅಲೆ ಒಡೆಯದ ಜಾಗವೇ ಎಷ್ಟೋ ಸಲ ಹೊರಕ್ಕೆ ಸೆಳೆಯುವ ಪ್ರವಾಹದ ಜಾಗ. ಹಸಿರು ಪಾಚಿಯ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ, ಅಲ್ಲಿ ಪಾದ ಇಡುವ ಮೊದಲು ಕೋಲು ಇಡಿ. ಹೊಲದಲ್ಲಿ ಕರುವಿರುವ ಹಸುಗಳು ಕಂಡರೆ ಅವುಗಳ ನಡುವೆ ಹೋಗದೆ ಸುತ್ತಿ ಹೋಗಿ.

ಒಬ್ಬ ಹೆಂಗಸಾಗಿ ನಿಮಗಿರುವ ಇನ್ನೊಂದು ಅಳುಕನ್ನು ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ರಸ್ತೆಗೆ, ವಾಹನ ನಿಲ್ಲಿಸುವ ಜಾಗಕ್ಕೆ ಕಾಣುವಂತೆ ಟೆಂಟ್ ಹಾಕಬೇಡಿ. ದಾರಿಯಲ್ಲಿ ಸಿಕ್ಕವರು ಎಲ್ಲಿ ತಂಗುತ್ತೀರಿ ಎಂದು ಕೇಳಿದರೆ ಮುಂದಿನ ಊರಿನ ಹೆಸರು ಹೇಳಿ ಸಾಗಿ. ಫೋಟೊಗಳನ್ನು ಆ ಊರು ಬಿಟ್ಟ ಮೇಲೆ ಹಾಕಿ. ಒಂದು ಜಾಗ ಯಾಕೋ ಸರಿ ಅನ್ನಿಸದಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ, ಬೆಳಕಿರುವಾಗಲೇ ಮುಂದೆ ನಡೆಯಿರಿ. ಇದಕ್ಕಾಗಿಯೇ ಸಂಜೆಗೆ ಒಂದು ಗಂಟೆ ಉಳಿಸಿಟ್ಟುಕೊಳ್ಳಬೇಕು. ಮೂರನೇ ನಾಲ್ಕನೇ ಸಂಜೆ ಹಲವರಿಗೆ ಮನಸ್ಸು ಕುಸಿಯುತ್ತದೆ. ಮೈ ದಣಿದಿರುತ್ತದೆ, ಹೊಸತನ ಮುಗಿದಿರುತ್ತದೆ, ಮಾತಾಡಲು ಯಾರೂ ಇರುವುದಿಲ್ಲ. ಆ ಸಂಜೆಗೆಂದೇ ಅಧಿಕೃತ ಕ್ಯಾಂಪ್ ಇಟ್ಟುಕೊಳ್ಳಿ. ವಾಪಸ್ ಹೋಗಬೇಕೆನಿಸಿದರೆ ಬೆಳಿಗ್ಗೆ ತಿಂಡಿ ತಿಂದ ಮೇಲೆ ತೀರ್ಮಾನ ಮಾಡಿ. ಆಗಲೂ ಹೋಗಬೇಕು ಅನ್ನಿಸಿದರೆ ಹೋಗಿ, ದಾರಿ ಅಲ್ಲೇ ಇರುತ್ತದೆ.

ದಿಕ್ಕಿನ ಪ್ರಶ್ನೆ ಸುಲಭ. ಆ ಕಾಲದಲ್ಲಿ ಹೆಚ್ಚಾಗಿ ಬೀಸುವ ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ಹೊರಡಿ. ಎರಡು ವಾರ ಎದುರುಗಾಳಿಯಲ್ಲಿ ನಡೆದರೆ ಕಿವಿ, ಕಣ್ಣು, ಮನಸ್ಸು ಎಲ್ಲ ಸೋಲುತ್ತವೆ. ಎರಡೂ ತುದಿ ಗಾಳಿಗೆ ಒಂದೇ ಆಗಿದ್ದರೆ ಸುಲಭದ ತುದಿಯಿಂದ ಶುರು ಮಾಡಿ, ದಿಬ್ಬ ಹತ್ತಿ ಇಳಿಯುವುದು ಜಾಸ್ತಿ ಇರುವ ಭಾಗ ಎರಡನೇ ವಾರಕ್ಕೆ ಬರಲಿ. ಶುರುವಿನ ದಿನವನ್ನು ಅಷ್ಟಮಿಯ ಹತ್ತಿರ ಇಟ್ಟರೆ ನೀರಿನ ಜೊತೆ ಪಳಗಲು ಮೂರು ನಾಲ್ಕು ಸೌಮ್ಯ ದಿನ ಸಿಗುತ್ತವೆ. ಅದಕ್ಕೂ ಮೊದಲು, ಹತ್ತಿರದಲ್ಲೇ ಎಲ್ಲಾದರೂ, ಪೂರ್ತಿ ಚೀಲ ಹೊತ್ತು ಎರಡು ರಾತ್ರಿ ಒಬ್ಬರೇ ಕಳೆದು ಬನ್ನಿ. ಅದರಲ್ಲಿ ಒಂದು ರಾತ್ರಿಯಾದರೂ ಗಾಳಿ ಮಳೆ ಇರುವುದನ್ನೇ ಆರಿಸಿ. ವಾಪಸ್ ಬಂದ ಮೇಲೆ ಚೀಲವನ್ನು ನೆಲದ ಮೇಲೆ ಬಿಚ್ಚಿ, ಮುಟ್ಟದೇ ಇದ್ದ ವಸ್ತುಗಳನ್ನೆಲ್ಲ ಒಂದು ಪಕ್ಕಕ್ಕೆ ಹಾಕಿ. ಪ್ರಥಮ ಚಿಕಿತ್ಸೆ, ಬೀಕನ್, ಎರಡನೇ ಟಾರ್ಚ್ ಬಿಟ್ಟು ಆ ರಾಶಿಯಲ್ಲಿ ಉಳಿದದ್ದು ಯಾವುದೂ ನಿಮ್ಮ ಜೊತೆ ಬರುವುದು ಬೇಡ.